ಒಂದು ತರಗತಿ, ಇಬ್ಬರು ಉಪಾಧ್ಯಾಯರು

ಜೂನ್ ತಿಂಗಳೆಂದರೆ ಮಕ್ಕಳಿರುವ ಮನೆಗಳಲ್ಲಿ ಹೊಸ ಸಮವಸ್ತ್ರ, ಕಂದು ಕಾಗದದ ಹೊದಿಕೆ ಹಾಕಿದ ಪುಸ್ತಕ, ಕೊಡೆ ಚೀಲಗಳ ಸಡಗರ. ಆದರೆ ಈ ಸಡಗರ ಹೊಸ್ತಿಲು ದಾಟಿ ಒಳಹೊಗದ ಮನೆಗಳೂ ಪ್ರತಿ ಬಡಾವಣೆಯಲ್ಲಿ ಒಂದೆರಡಾದರೂ ಇರುತ್ತವೆ. ಅಲ್ಲಿಯ ಮಗುವಿಗೂ ಆರು ವರ್ಷ ತುಂಬಿದೆ. ಆದರೆ ಅದಕ್ಕೆ ಕಣ್ಣು ಕಾಣದು, ಇಲ್ಲವೆ ಮಾತು ಬಾರದು, ಇಲ್ಲವೆ ಕಾಲೂರಿ ನಿಲ್ಲಲಾಗದು. ತಾಯಿ ಮಗುವನ್ನು ಕರೆದುಕೊಂಡು ಹತ್ತಿರದ ಶಾಲೆಯ ಮುಖ್ಯೋಪಾಧ್ಯಾಯರ ಮೇಜಿನ ಮುಂದೆ ನಿಲ್ಲುತ್ತಾಳೆ. ಅವರು ಮಗುವನ್ನೊಮ್ಮೆ ತಾಯಿಯನ್ನೊಮ್ಮೆ ನೋಡುತ್ತಾರೆ. ಅವರ ದನಿಯಲ್ಲಿ ಒರಟುತನವಿಲ್ಲ, ನಿಜವಾದ ಅನುಕಂಪವೇ ಇದೆ. "ಇಂಥ ಮಕ್ಕಳಿಗೆಂದೇ ಬೇರೆ ಶಾಲೆಗಳಿವೆಯಲ್ಲಮ್ಮಾ, ಅಲ್ಲಿ ವಿಚಾರಿಸಬಾರದೆ?" ಎನ್ನುತ್ತಾರೆ.

ಈ ಮಾತನ್ನು ಆಡುವ ಅಧಿಕಾರ ಇಂದು ಯಾವ ಮುಖ್ಯೋಪಾಧ್ಯಾಯರಿಗೂ ಇಲ್ಲ. ೨೦೧೬ರ ವಿಕಲಚೇತನರ ಹಕ್ಕುಗಳ ಕಾಯಿದೆಯ ಪ್ರಕಾರ, ಶೇಕಡಾ ೪೦ಕ್ಕೆ ಕಡಮೆಯಿಲ್ಲದ ವೈಕಲ್ಯವುಳ್ಳ, ಆರರಿಂದ ಹದಿನೆಂಟು ವರ್ಷದೊಳಗಿನ ಪ್ರತಿಯೊಂದು ಮಗುವಿಗೂ ಉಚಿತ ಶಿಕ್ಷಣದ ಹಕ್ಕಿದೆ. ನೆರೆಹೊರೆಯ ಸಾಮಾನ್ಯ ಶಾಲೆಯೋ ವಿಶೇಷ ಶಾಲೆಯೋ ಎಂಬ ಆಯ್ಕೆ ಆ ಮಗುವಿನದು, ಅದರ ತಾಯ್ತಂದೆಗಳದು. ಇದನ್ನು ಬಲ್ಲ ತಾಯಿ ಹಿಂದಿರುಗದೆ ನಿಲ್ಲುತ್ತಾಳೆ, ಹೆಸರು ದಾಖಲಾಗುತ್ತದೆ, ಮಗು ತರಗತಿಯೊಳಗೆ ಬಂದು ಕೂಡುತ್ತದೆ.

ಅಲ್ಲಿಗೆ ಎಲ್ಲವೂ ಸುಖಾಂತವಾಯಿತೆಂದು ಭಾವಿಸುವುದು ಸಹಜ. ಆದರೆ ಮೂರು ವರ್ಷಗಳ ಮೇಲೆ ಅದೇ ತರಗತಿಗೆ ಹೋಗಿ ನೋಡಿದರೆ, ಮಗು ಅನೇಕ ವೇಳೆ ಕೊನೆಯ ಬೆಂಚಿನಲ್ಲಿ ಅದೇ ಗೋಡೆಗೆ ಒರಗಿ ಕುಳಿತಿರುತ್ತದೆ. ಹಾಜರಿ ಪುಸ್ತಕದಲ್ಲಿ ಅದರ ಹೆಸರಿನ ಮುಂದೆ ತಪ್ಪದೆ ಗುರುತು ಬಿದ್ದಿದೆ, ಮಧ್ಯಾಹ್ನದ ಬಿಸಿಯೂಟ ಸಂದಿದೆ, ಜೊತೆಯ ಮಕ್ಕಳೂ ಅಕ್ಕರೆಯಿಂದಲೇ ಇದ್ದಾರೆ. ತನ್ನ ಹೆಸರನ್ನು ತಾನು ಓದಲು ಮಾತ್ರ ಅದಕ್ಕೆ ಬಾರದು. ಶಾಲೆ ಆ ಮಗುವನ್ನು ಒಳಗೆ ಸೇರಿಸಿಕೊಂಡಿದೆ, ಪಾಠ ಇನ್ನೂ ಸೇರಿಸಿಕೊಂಡಿಲ್ಲ.

ಸಮನ್ವಯ ಶಿಕ್ಷಣವೆಂಬ ದೊಡ್ಡ ಮಾತಿನ ಒಳಗುಟ್ಟು ಇಲ್ಲಿದೆ. ಬಾಗಿಲನ್ನು ಕಾನೂನು ತೆರೆಯಬಲ್ಲುದು, ಮೆಟ್ಟಿಲಿನ ಪಕ್ಕದ ಇಳಿಜಾರನ್ನು ಗಾರೆಯವನು ಕಟ್ಟಬಲ್ಲನು. ಆದರೆ ಆ ಮಗುವಿಗೆ ಅಕ್ಷರ ಕಲಿಸುವ ವಿದ್ಯೆ ಬೇರೆ. ಅದನ್ನು ಬಲ್ಲ ಎರಡನೆಯ ಉಪಾಧ್ಯಾಯರೊಬ್ಬರು ತರಗತಿಯ ಉಪಾಧ್ಯಾಯರ ಜೊತೆಗೆ ನಿಲ್ಲಬೇಕು. ನಮ್ಮ ನಾಡಿನಲ್ಲಿ ಬಹಳ ಕಡಮೆಯಿರುವುದು ಈ ಎರಡನೆಯವರು.

ಪ್ರತ್ಯೇಕ ಶಾಲೆಗಳ ಕಾಲ

ಹಿಂದಿನವರು ಇಂಥ ಮಕ್ಕಳನ್ನು ಕಡೆಗಣಿಸಿಯೇ ಬಿಟ್ಟಿದ್ದರೆಂದು ಹೇಳಿದರೆ ಅನ್ಯಾಯವಾದೀತು. ೧೮೮೭ರಲ್ಲಿ ಆನಿ ಶಾರ್ಪ್ ಎಂಬ ಕ್ರೈಸ್ತ ಮಿಷನರಿ ಮಹಿಳೆ ಅಮೃತಸರದಲ್ಲಿ ಅಂಧರಿಗಾಗಿ ಶಾಲೆ ತೆರೆದಳು. ಭಾರತದಲ್ಲಿ ಅದೇ ಮೊದಲನೆಯದೆಂದು ಪರಿಗಣಿತವಾಗಿದೆ. ಮೈಸೂರು ಸಂಸ್ಥಾನವೂ ಹಿಂದೆ ಬೀಳಲಿಲ್ಲ. ೧೯೦೧ರಲ್ಲಿಯೇ ಮೈಸೂರು ನಗರದಲ್ಲಿ ಕಿವುಡ ಮತ್ತು ಅಂಧ ಮಕ್ಕಳ ಶಾಲೆ ಆರಂಭವಾಯಿತು. ವಾಕ್ ಮತ್ತು ಶ್ರವಣ ವಿಷಯಕ್ಕೆ ಮೀಸಲಾದ ಅಖಿಲ ಭಾರತ ಸಂಸ್ಥೆ ೧೯೬೫ರಲ್ಲಿ ಸ್ಥಾಪನೆಯಾದುದೂ ಅದೇ ಊರಿನಲ್ಲಿ.

ಉತ್ತರ ಕರ್ನಾಟಕದಲ್ಲಿ ಇನ್ನೊಂದು ಬಗೆಯ ಗುರುಕುಲ ಬೆಳೆಯಿತು. ಸ್ವತಃ ಅಂಧರಾಗಿದ್ದ ಪಂಚಾಕ್ಷರಿ ಗವಾಯಿಗಳು ಅಂಧ ಬಾಲಕರನ್ನು ಕೂಡಿಸಿಕೊಂಡು ಊರೂರು ತಿರುಗಿ ಸಂಗೀತ ಕಲಿಸಿದರು. ಆ ಪರಂಪರೆ ಗದಗಿನ ವೀರೇಶ್ವರ ಪುಣ್ಯಾಶ್ರಮದಲ್ಲಿ ನೆಲೆನಿಂತಿತು. ಅವರ ಶಿಷ್ಯರೂ ಉತ್ತರಾಧಿಕಾರಿಗಳೂ ಆದ ಪುಟ್ಟರಾಜ ಗವಾಯಿಗಳು (೧೯೧೪–೨೦೧೦) ಹಲವು ವಾದ್ಯಗಳಲ್ಲಿ ನುರಿತವರು, ಕನ್ನಡ, ಸಂಸ್ಕೃತ, ಹಿಂದಿ ಮೂರರಲ್ಲಿಯೂ ಗ್ರಂಥರಚನೆ ಮಾಡಿದವರು. ೨೦೧೦ರಲ್ಲಿ ಪದ್ಮಭೂಷಣ ಪಡೆದವರು. ಕಣ್ಣಿಲ್ಲದವನಿಗೆ ವಿದ್ಯೆ ಸಲ್ಲದೆಂಬ ಮಾತನ್ನು ಕನ್ನಡಿಗರ ಮುಂದೆ ಯಾರೂ ಆಡುವಂತಿಲ್ಲ. ಗದಗಿನ ಕಡೆಗೆ ಬೆರಳು ತೋರಿಸಿದರೆ ಸಾಕು.

ಆದರೂ ಪ್ರತ್ಯೇಕ ಶಾಲೆಗಳಿಗೆ ಎರಡು ಮಿತಿಗಳಿದ್ದವು. ಅವು ನಗರಗಳಲ್ಲಿದ್ದವು, ಮಕ್ಕಳು ಎಲ್ಲ ಹಳ್ಳಿಗಳಲ್ಲಿದ್ದರು. ಆರು ವರ್ಷದ ಕೂಸನ್ನು ಮಡಿಲಿನಿಂದ ಎತ್ತಿ ದೂರದ ವಸತಿಗೃಹಕ್ಕೆ ಕಳುಹಿಸಲು ಎಷ್ಟು ಮಂದಿ ತಾಯಂದಿರಿಗೆ ಮನಸ್ಸು ಬಂದೀತು? ಎರಡನೆಯದು ಇನ್ನೂ ಸೂಕ್ಷ್ಮವಾದುದು. ಅಲ್ಲಿ ಹತ್ತು ವರ್ಷ ಕಲಿತು ಹೊರಬಂದ ಹುಡುಗನಿಗೆ ತನ್ನ ಊರೇ ಅಪರಿಚಿತ, ಊರಿಗೂ ಅವನು ಅಪರಿಚಿತ. ಅಕ್ಕಪಕ್ಕದ ಮನೆಯ ಹುಡುಗರು ಅವನೊಡನೆ ಒಮ್ಮೆಯೂ ಗೋಲಿ ಆಡಿದವರಲ್ಲ.

೧೯೭೪ರಲ್ಲಿ ಕೇಂದ್ರ ಸರ್ಕಾರ ಇಂಥ ಮಕ್ಕಳನ್ನು ಸಾಮಾನ್ಯ ಶಾಲೆಗೆ ತರುವ ಯೋಜನೆಯೊಂದನ್ನು ಆರಂಭಿಸಿತು. ೧೯೯೪ರ ಜೂನ್‌ನಲ್ಲಿ ಸ್ಪೇನ್ ದೇಶದ ಸಲಮಾಂಕಾ ನಗರದಲ್ಲಿ ೯೨ ಸರ್ಕಾರಗಳೂ ೨೫ ಅಂತರರಾಷ್ಟ್ರೀಯ ಸಂಸ್ಥೆಗಳೂ ಸೇರಿ, ಸಾಮಾನ್ಯ ಶಾಲೆಗಳು ಎಲ್ಲ ಮಕ್ಕಳಿಗೂ ಸ್ಥಳ ಕೊಡಬೇಕೆಂದು ಘೋಷಿಸಿದವು. ಹಳೆಯ ಯೋಜನೆಯಲ್ಲಿ ಮಗು ಶಾಲೆಗೆ ಹೊಂದಿಕೊಳ್ಳಬೇಕಾಗಿತ್ತು, ಹೊಂದದಿದ್ದರೆ ದೋಷ ಮಗುವಿನದು. ಹೊಸ ತತ್ತ್ವದಲ್ಲಿ ಹೊಂದಿಕೊಳ್ಳಬೇಕಾದುದು ಶಾಲೆ. ಈ ನಡುವೆ ನಮ್ಮಲ್ಲಿ ಹೆಸರುಗಳೂ ಬದಲಾದವು. ಅಂಗವಿಕಲ ಹೋಗಿ ವಿಕಲಚೇತನ ಬಂದಿತು, ವಿಶೇಷಚೇತನ ಬಂದಿತು, ವಿಶೇಷ ಅಗತ್ಯವುಳ್ಳ ಮಗು ಬಂದಿತು. ಬೆಂಚು ಬದಲಾದುದು ಅಷ್ಟು ಬೇಗ ಅಲ್ಲ. ಭಾರತದ ಸ್ಥಿತಿಯನ್ನು ಕುರಿತು ಯುನೆಸ್ಕೋ ೨೦೧೯ರಲ್ಲಿ ಹೊರತಂದ ವರದಿಯ ಪ್ರಕಾರ, ವೈಕಲ್ಯವುಳ್ಳ ಐದು ವರ್ಷದ ಮಕ್ಕಳಲ್ಲಿ ಮುಕ್ಕಾಲು ಪಾಲು, ಐದರಿಂದ ಹತ್ತೊಂಬತ್ತು ವರ್ಷದವರಲ್ಲಿ ಕಾಲು ಪಾಲು ಯಾವ ವಿದ್ಯಾಸಂಸ್ಥೆಗೂ ಹೋಗುತ್ತಿರಲಿಲ್ಲ.

ಕಲಿಸುವ ಬಗೆ

ಈ ಎರಡನೆಯ ಉಪಾಧ್ಯಾಯಿನಿ ನಿಜವಾಗಿ ಮಾಡುವ ಕೆಲಸವೇನು? ಮರುಕ, ತಾಳ್ಮೆ, ತ್ಯಾಗ ಎಂದು ಜನ ಹೊಗಳುತ್ತಾರೆ. ಹೊಗಳಿಕೆ ಅವರಿಗೆ ಸಾಕಾಗಿದೆ. ಅವರದು ಒಂದು ವಿದ್ಯೆ, ಕುಶಲ ವಿದ್ಯೆ. ವೈದ್ಯನ ಕೈಗುಣವನ್ನು ಮಾತ್ರ ಹೊಗಳಿ ಅವನು ಓದಿದ ಶಾಸ್ತ್ರವನ್ನು ಮರೆತಂತೆ, ಇಲ್ಲಿಯೂ ಶಾಸ್ತ್ರವನ್ನು ಮರೆಯುವ ವಾಡಿಕೆ ಬೆಳೆದಿದೆ.

ಅಂಧ ಮಗುವಿನ ಅಕ್ಷರಾಭ್ಯಾಸವನ್ನೇ ತೆಗೆದುಕೊಳ್ಳಬಹುದು. ಫ್ರಾನ್ಸ್ ದೇಶದ ಲೂಯಿ ಬ್ರೈಲ್ ತಾನೇ ಬಾಲ್ಯದಲ್ಲಿ ದೃಷ್ಟಿ ಕಳೆದುಕೊಂಡವನು. ಹದಿನೈದರ ಪ್ರಾಯದಲ್ಲಿ, ೧೮೨೪ರ ಸುಮಾರಿಗೆ, ಅವನು ರೂಪಿಸಿದ ಲಿಪಿಯಲ್ಲಿ ಇರುವುದೆಲ್ಲ ಆರು ಚುಕ್ಕೆ. ಎರಡು ಸಾಲು, ಸಾಲಿಗೆ ಮೂರು. ಆರರಲ್ಲಿ ಯಾವುವು ಉಬ್ಬಿವೆ ಎಂಬುದರಿಂದ ೬೩ ಬಗೆಯ ಗುರುತುಗಳು ಹುಟ್ಟುತ್ತವೆ. ಭಾರತದ ಭಾಷೆಗಳಿಗೆಲ್ಲ ಹೊಂದುವ ಭಾರತಿ ಬ್ರೈಲ್ ೧೯೫೧ರಲ್ಲಿ ಅಂಗೀಕೃತವಾಯಿತು. ಅದರಲ್ಲಿ ಒಂದು ಸೊಗಸಿದೆ. ಕನ್ನಡದ 'ಕ', ಹಿಂದಿಯ 'ಕ', ತಮಿಳಿನ 'ಕ' ಮೂರಕ್ಕೂ ಚುಕ್ಕೆಗಳು ಒಂದೇ. ಕಣ್ಣಿಗೆ ಬೇರೆ ಬೇರೆ ಕಾಣುವ ಲಿಪಿಗಳು ಬೆರಳಿಗೆ ಒಂದಾಗುತ್ತವೆ. ಒತ್ತಕ್ಷರ ಕೆಳಗೆ ತೂಗುವುದಿಲ್ಲ, ಎಲ್ಲವೂ ಒಂದೇ ಸಾಲಿನಲ್ಲಿ ಹರಿಯುತ್ತವೆ.

ಬರೆಯುವುದೇ ಕಷ್ಟ. ದಪ್ಪ ಕಾಗದವನ್ನು ಬ್ರೈಲ್ ಸ್ಲೇಟಿನ ಚೌಕಟ್ಟಿಗೆ ಸಿಕ್ಕಿಸಿ, ಮೊನೆಯುಳ್ಳ ಚಿಕ್ಕ ಕಡ್ಡಿಯಿಂದ ಒಂದೊಂದೇ ಚುಕ್ಕೆಯನ್ನು ಚುಚ್ಚಬೇಕು. ಚುಚ್ಚಿದ ಚುಕ್ಕೆ ಕಾಗದದ ಹಿಂಬದಿಯಲ್ಲಿ ಉಬ್ಬುತ್ತದೆ. ಆದುದರಿಂದ ಬರೆಯುವುದು ಬಲದಿಂದ ಎಡಕ್ಕೆ, ಪ್ರತಿ ಅಕ್ಷರವೂ ಕನ್ನಡಿಯಲ್ಲಿ ಕಂಡಂತೆ ತಿರುಗುಮುರುಗು. ಮಗುಚಿ ಓದುವುದು ಎಡದಿಂದ ಬಲಕ್ಕೆ. ಕಣ್ಣಿರುವ ಉಪಾಧ್ಯಾಯಿನಿ ಮೊದಲು ಇದನ್ನು ತಾನು ಕಲಿಯಬೇಕು. ಆ ಬಳಿಕ ಮಗುವಿನ ತೋರುಬೆರಳಿಗೆ ಕಲಿಸಬೇಕು. ಅದಕ್ಕೂ ಮುನ್ನ ಎಷ್ಟೋ ವಾರಗಳು ಅಕ್ಷರದ ಮಾತೇ ಇರುವುದಿಲ್ಲ. ಅಕ್ಕಿಯಿಂದ ಬೇಳೆಯನ್ನು ಬೇರ್ಪಡಿಸುವುದು, ಗುಂಡಿಗಳನ್ನು ಗಾತ್ರಕ್ಕೆ ತಕ್ಕಂತೆ ಜೋಡಿಸುವುದು, ಒರಟು ಬಟ್ಟೆ ನಯವಾದ ಬಟ್ಟೆಗಳನ್ನು ಸವರಿ ಹೇಳುವುದು. ಹೊರಗಿನಿಂದ ನೋಡುವವರಿಗೆ ಇದು ಆಟ. ಬೆರಳಿನ ತುದಿಗೆ ಕಣ್ಣು ಬರುವುದು ಈ ಆಟದಿಂದಲೇ.

ಇಷ್ಟೆಲ್ಲ ಆದ ಮೇಲೂ ಮಗು ದಿನದ ಬಹುಭಾಗ ಕುಳಿತಿರುವುದು ಸಾಮಾನ್ಯ ಉಪಾಧ್ಯಾಯರ ತರಗತಿಯಲ್ಲಿ. ಅಲ್ಲಿ ಗಣಿತದ ಮೇಷ್ಟರು ಕರಿಹಲಗೆಯ ಕಡೆ ತಿರುಗಿ, "ಇದರಲ್ಲಿ ಇದನ್ನು ಕಳೆದರೆ ಇಷ್ಟು, ಇದನ್ನು ಇಲ್ಲಿಗೆ ತಂದರೆ ಇದು" ಎನ್ನುತ್ತಾ ಹೋಗುತ್ತಾರೆ. ಕಣ್ಣಿಲ್ಲದ ಮಗುವಿಗೆ ಯಾವುದು 'ಇದು'? ವಿಶೇಷ ಉಪಾಧ್ಯಾಯಿನಿ ಬಂದು, "ಮೇಷ್ಟ್ರೇ, ಬರೆಯುವುದನ್ನೆಲ್ಲ ಬಾಯಲ್ಲೂ ಹೇಳುತ್ತಾ ಬರೆಯಿರಿ. ಎಪ್ಪತ್ತೆರಡರಲ್ಲಿ ಮೂವತ್ತೆಂಟನ್ನು ಕಳೆದರೆ ಮೂವತ್ತನಾಲ್ಕು ಎನ್ನಿ" ಎಂದು ಕೇಳಿಕೊಳ್ಳುತ್ತಾಳೆ. ಖರ್ಚಿಲ್ಲದ ಈ ಒಂದು ಬದಲಾವಣೆಯಿಂದ ಆ ಮಗುವಿಗೆ ಗಣಿತ ತೆರೆದುಕೊಳ್ಳುತ್ತದೆ. ಹಿಂದಿನ ಸಾಲಿನಲ್ಲಿ ಕುಳಿತು ಹಲಗೆ ಸರಿಯಾಗಿ ಕಾಣದೆ ಸುಮ್ಮನಿದ್ದ ಇತರ ಹತ್ತು ಮಕ್ಕಳಿಗೂ ತೆರೆದುಕೊಳ್ಳುತ್ತದೆ. ಸಮನ್ವಯ ಶಿಕ್ಷಣದ ಪರವಾಗಿ ಇಷ್ಟು ಬಲವಾದ ವಾದ ಇನ್ನೊಂದಿಲ್ಲ.

ಕಿವುಡು ಮಗುವಿನ ಸಮಸ್ಯೆ ಬೇರೆ. ಶ್ರವಣಯಂತ್ರ ಹಾಕಿದರೆ ಕೇಳಿಸುತ್ತದೆಯಲ್ಲ ಎಂದು ಮನೆಯವರು ನೆಮ್ಮದಿ ತಾಳುತ್ತಾರೆ. ಆದರೆ ಯಂತ್ರ ಉಪಾಧ್ಯಾಯರ ಮಾತನ್ನು ಹಿಗ್ಗಿಸಿದಂತೆಯೇ ಬೆಂಚು ಎಳೆದ ಸದ್ದನ್ನೂ, ಬೀಸಣಿಗೆಯ ಗೊರಗೊರವನ್ನೂ, ಪಕ್ಕದ ಕೋಣೆಯ ಮಗ್ಗಿಯನ್ನೂ ಹಿಗ್ಗಿಸುತ್ತದೆ. ತುಟಿಯ ಚಲನೆ ನೋಡಿ ಮಾತು ತಿಳಿಯುವ ಅಭ್ಯಾಸವೂ ಉಂಟು. ಓದುಗರು ಕನ್ನಡಿಯ ಮುಂದೆ ನಿಂತು 'ಮರ', 'ಬರ', 'ಪರ' ಎಂದು ಸದ್ದಿಲ್ಲದೆ ತುಟಿಯಾಡಿಸಿ ನೋಡಲಿ. ಮೂರಕ್ಕೂ ತುಟಿ ಒಂದೇ ರೀತಿ ಕೂಡಿ ಬಿಡುತ್ತದೆ. ಯಾವುದೆಂದು ಮಗು ಸಂದರ್ಭದಿಂದ ಊಹಿಸಬೇಕು. ಊಹಿಸಬೇಕಾದರೆ ಮೊದಲು ಭಾಷೆಯೊಂದು ಅದರೊಳಗೆ ಇರಬೇಕು. ಹುಟ್ಟು ಕಿವುಡನಾದ ಮಗುವಿಗೆ ಆರನೆಯ ವರ್ಷದವರೆಗೆ ಸನ್ನೆಯ ಭಾಷೆಯನ್ನೂ ಕೊಡದೆ ಆಡುಭಾಷೆಯನ್ನೂ ಮುಟ್ಟಿಸದೆ ಬಿಟ್ಟರೆ, ಶಾಲೆಗೆ ಬರುವಾಗ ಅದಕ್ಕೆ ಯಾವ ಭಾಷೆಯೂ ಇರುವುದಿಲ್ಲ. ಮನೆಯಲ್ಲಿ ಊಟ, ನೀರು, ನಿದ್ದೆಗೆ ನಾಲ್ಕು ಸನ್ನೆ ಇದ್ದರೆ ಹೆಚ್ಚು. 'ನಿನ್ನೆ' ಎಂಬುದನ್ನು, 'ಯಾಕೆ' ಎಂಬುದನ್ನು ಅದಕ್ಕೆ ಯಾರೂ ಹೇಳಿಲ್ಲ.

ಭಾರತೀಯ ಸಂಜ್ಞಾ ಭಾಷೆಯ ಸಂಶೋಧನೆ ಮತ್ತು ತರಬೇತಿಗೆ ದೆಹಲಿಯಲ್ಲಿ ಕೇಂದ್ರವೊಂದು ೨೦೧೫ರಲ್ಲಿ ಸ್ಥಾಪಿತವಾಯಿತು. ಅದು ೨೦೧೮ರಲ್ಲಿ ಮೂರು ಸಾವಿರ ಶಬ್ದಗಳ ಸಂಜ್ಞಾಕೋಶವನ್ನು ಹೊರತಂದಿತು. ೨೦೨೧ರ ಹೊತ್ತಿಗೆ ಶಬ್ದಗಳು ಹತ್ತು ಸಾವಿರವಾದವು. ಕೋಶವೇನೋ ಸಿದ್ಧ. ಅದನ್ನು ಕೈಯಲ್ಲಿ ಆಡಬಲ್ಲ ಉಪಾಧ್ಯಾಯರು ಹಳ್ಳಿಯ ಶಾಲೆಯಲ್ಲಿ ಎಲ್ಲಿದ್ದಾರೆ?

ಬುದ್ಧಿಯ ಬೆಳವಣಿಗೆ ನಿಧಾನವಾಗಿರುವ ಮಕ್ಕಳೊಡನೆ ಕೆಲಸ ಮಾಡುವವರ ಹತ್ತಿರ ಒಂದು ಹಳೆಯ ಉಪಾಯವಿದೆ. ಅಂಗಿ ತೊಡುವುದು ನಮಗೆ ಒಂದು ಕೆಲಸ, ಅವರಿಗೆ ಹತ್ತು ಹನ್ನೆರಡು ಕೆಲಸ. ಅಂಗಿಯ ಒಳಹೊರಗನ್ನು ಗುರುತಿಸುವುದು, ಕೊರಳಪಟ್ಟಿ ಹಿಡಿಯುವುದು, ಬಲತೋಳು ತೂರಿಸುವುದು, ಹೀಗೆ ಸಾಗಿ ಕೊನೆಯ ಗುಂಡಿಗೆ ಬರುವುದು. ಕಲಿಸುವಾಗ ಕೊನೆಯಿಂದ ಆರಂಭಿಸುತ್ತಾರೆ. ಎಲ್ಲವನ್ನೂ ತಾವೇ ಮಾಡಿ ಕೊನೆಯ ಗುಂಡಿಯೊಂದನ್ನು ಮಗುವಿಗೆ ಬಿಡುತ್ತಾರೆ. ಅದನ್ನು ಹಾಕಿದೊಡನೆ ಅಂಗಿ ತೊಟ್ಟ ಸಂತೋಷ ಮಗುವಿನದಾಗುತ್ತದೆ. ಮುಂದಿನ ವಾರ ಕೊನೆಯ ಎರಡು ಗುಂಡಿ, ಆ ಮೇಲೆ ಮೂರು. ಕೂಡುವ ಲೆಕ್ಕಕ್ಕೂ, ಅಂಗಡಿಯಲ್ಲಿ ಚಿಲ್ಲರೆ ಎಣಿಸಿ ತರುವುದಕ್ಕೂ ಇದೇ ಮಾರ್ಗ.

ನಗರದ ಗೃಹಸ್ಥರು ಮಕ್ಕಳನ್ನು ಕಳುಹಿಸಲು ಹಾತೊರೆಯುವ ಮಾಂಟೆಸೊರಿ ಶಾಲೆಗಳ ಕಥೆ ಇಲ್ಲಿ ನೆನಪಿಗೆ ಬರುತ್ತದೆ. ಮರಿಯಾ ಮಾಂಟೆಸೊರಿ ವೈದ್ಯೆ. ೧೯೦೦ರ ಸುಮಾರಿಗೆ ರೋಮ್ ನಗರದಲ್ಲಿ ಆಕೆ ತನ್ನ ಪದ್ಧತಿಯನ್ನು ಮೊದಲು ರೂಪಿಸತೊಡಗಿದುದು, ಬುದ್ಧಿ ಬೆಳೆಯದವರೆಂದು ಸಮಾಜ ಕೈಬಿಟ್ಟಿದ್ದ ಮಕ್ಕಳ ನಡುವೆ. ಫ್ರಾನ್ಸಿನ ಇಟಾರ್ ಮತ್ತು ಸೆಗುಯೆನ್ ಎಂಬ ವೈದ್ಯರು ಅಂಥ ಮಕ್ಕಳಿಗೆಂದು ಮಾಡಿದ್ದ ಉಪಕರಣಗಳೇ ಆಕೆಗೆ ದಾರಿ ತೋರಿದವು. ಇತರ ಮಕ್ಕಳಿಗೆ ಅದು ಬಂದುದು ಆಮೇಲೆ, ೧೯೦೭ರಲ್ಲಿ. ಆಕೆ ೧೯೩೯ರಲ್ಲಿ ಭಾರತಕ್ಕೆ ಬಂದು ಮದರಾಸಿನ ಅಡ್ಯಾರಿನಲ್ಲಿ ಉಪಾಧ್ಯಾಯರಿಗೆ ತರಬೇತಿ ಕೊಟ್ಟಳು. ಗುಂಡಿ ಹಾಕಲು ಕಲಿಸುವ ಮರದ ಚೌಕಟ್ಟನ್ನೂ, ಬೆರಳಾಡಿಸುವ ಮರಳು ಕಾಗದದ ಅಕ್ಷರಗಳನ್ನೂ ದೊಡ್ಡ ಶುಲ್ಕ ತೆತ್ತು ಮೆಚ್ಚುವ ತಾಯ್ತಂದೆಗಳೇ, ಆ ಉಪಕರಣಗಳು ಯಾರಿಗಾಗಿ ಹುಟ್ಟಿದವೋ ಅಂಥ ಮಗು ಪಕ್ಕದಲ್ಲಿ ಬಂದು ಕುಳಿತರೆ ಹುಬ್ಬೇರಿಸುತ್ತಾರೆ.

ಮಿದುಳಿನ ವಾತದಿಂದ ಕೈಕಾಲು, ಮಾತು ಹಿಡಿತಕ್ಕೆ ಬಾರದ ಮಕ್ಕಳ ವಿಷಯದಲ್ಲಿ ತಪ್ಪು ತಿಳಿವಳಿಕೆ ಇನ್ನೂ ಹೆಚ್ಚು. ಜೊಲ್ಲು ಸುರಿಯುವ ಬಾಯಿಯನ್ನು ಕಂಡು ಒಳಗಿನ ಬುದ್ಧಿಯನ್ನು ಅಳೆಯುವವರೇ ಬಹಳ. ಮಿಥು ಆಲೂರ್ ಎಂಬ ತಾಯಿ ತನ್ನ ಮಗಳಿಗೆ ಭಾರತದಲ್ಲಿ ತಕ್ಕ ಶಾಲೆಯಿಲ್ಲದುದನ್ನು ಕಂಡು, ೧೯೭೦ರ ದಶಕದ ಆದಿಯಲ್ಲಿ ಮುಂಬಯಿಯಲ್ಲಿ ತಾನೇ ಸಂಸ್ಥೆ ಕಟ್ಟಿದಳು. ಆ ಮಗಳು ಮಾಲಿನಿ ಚಿಬ್ ಮುಂಬಯಿಯಲ್ಲಿ ಪದವಿ ಪಡೆದು, ಲಂಡನ್ನಿನಲ್ಲಿ ಎರಡು ಸ್ನಾತಕೋತ್ತರ ಪದವಿ ಗಳಿಸಿ, ಒಂದೇ ಬೆರಳಿನಿಂದ ಅಕ್ಷರ ಒತ್ತಿ ಆತ್ಮಕಥೆ ಬರೆದಳು. ಎಲ್ಲರಿಗೂ ಅದು ಸಾಧ್ಯವಾಗದಿರಬಹುದು. ಆದರೆ ಪೆನ್ಸಿಲ್ ಹಿಡಿಯಲಾಗದ ಮಗುವಿಗೆ ಪೆನ್ಸಿಲಿನ ಸುತ್ತ ಸೈಕಲ್ ಟ್ಯೂಬಿನ ರಬ್ಬರು ಸುತ್ತಿಕೊಟ್ಟರೆ ಹಿಡಿತ ಬರುತ್ತದೆಂಬುದು ಉಪಾಧ್ಯಾಯರಿಗೆ ತಿಳಿದಿರಬೇಡವೆ?

ಇನ್ನು ಹೊರಗೆ ಏನೊಂದೂ ಕಾಣದ, ಓದುವುದೊಂದೇ ತೊಡಕಾಗುವ ಮಕ್ಕಳು. ಮಾತಿನಲ್ಲಿ ಚುರುಕು, ಲೋಕಜ್ಞಾನದಲ್ಲಿ ಮುಂದು, ಆದರೆ ದೀರ್ಘ ಹ್ರಸ್ವವಾಗುತ್ತದೆ, ಒತ್ತಕ್ಷರ ಬಿಟ್ಟುಹೋಗುತ್ತದೆ, ಓದುವಾಗ ಸಾಲು ತಪ್ಪುತ್ತದೆ. ೧೯೯೫ರ ಹಳೆಯ ಕಾಯಿದೆ ಎಣಿಸಿದ್ದ ಏಳು ವೈಕಲ್ಯಗಳಲ್ಲಿ ಇದರ ಹೆಸರೇ ಇರಲಿಲ್ಲ. ೨೦೧೬ರ ಕಾಯಿದೆ ಎಣಿಸಿದ ಇಪ್ಪತ್ತೊಂದರಲ್ಲಿ ಸೇರಿದೆ. ಅಲ್ಲಿಯವರೆಗೆ, ಅನೇಕ ಮನೆಗಳಲ್ಲಿ ಇಂದಿಗೂ, ಇದರ ಹೆಸರು ಸೋಮಾರಿತನ; ಇದರ ಔಷಧ ಬೆತ್ತ.

ತಾಲ್ಲೂಕಿಗೆ ಬೆರಳೆಣಿಕೆ

ಒಂದು ಮಗುವಿಗೆ ಒಬ್ಬ ಉಪಾಧ್ಯಾಯಿನಿ ದೊರೆತರೆ ಏನಾಗುತ್ತದೆಂಬುದಕ್ಕೆ ಲೋಕವಿಖ್ಯಾತ ಉದಾಹರಣೆಯಿದೆ. ೧೮೮೭ರ ಮಾರ್ಚ್ ೩ರಂದು, ಕಣ್ಣು ಕಿವಿ ಎರಡೂ ಇಲ್ಲದ ಹೆಲೆನ್ ಕೆಲ್ಲರಳ ಮನೆಗೆ ಆನ್ ಸಲಿವನ್ ಬಂದಳು. ಆಗ ಆಕೆಗೆ ಇಪ್ಪತ್ತು ವರ್ಷ, ಆಕೆಯ ದೃಷ್ಟಿಯೂ ಮಂದ. ಮಗುವಿನ ಅಂಗೈಯಲ್ಲಿ ಬೆರಳಿನಿಂದ ಅಕ್ಷರ ಮೂಡಿಸುತ್ತಾ ತೊಡಗಿದ ಆ ಪಾಠ ೧೯೩೬ರಲ್ಲಿ ಗುರು ತೀರಿಕೊಳ್ಳುವವರೆಗೆ ನಡೆಯಿತು. ೧೯೫೫ರಲ್ಲಿ ಭಾರತಕ್ಕೂ ಬಂದಿದ್ದ ಹೆಲೆನ್ ಕೆಲ್ಲರಳ ಹೆಸರನ್ನು ಮಕ್ಕಳೆಲ್ಲ ಬಲ್ಲರು, ಸಲಿವನ್ನಳ ಹೆಸರನ್ನು ಬಲ್ಲವರು ಕೆಲವರು.

ನಮ್ಮ ಸರ್ಕಾರಿ ವ್ಯವಸ್ಥೆಯ ಸಲಿವನ್ನರಿಗೆ ಒಂದು ಮಗುವಲ್ಲ, ತಾಲ್ಲೂಕೇ ಪಾಲಿಗೆ ಬಂದಿದೆ. ಕರ್ನಾಟಕದಲ್ಲಿ ಕ್ಷೇತ್ರ ಸಂಪನ್ಮೂಲ ಕೇಂದ್ರದಲ್ಲಿ ಸಮನ್ವಯ ಶಿಕ್ಷಣಕ್ಕೆಂದು ನೇಮಕವಾದ ಸಂಪನ್ಮೂಲ ಶಿಕ್ಷಕರು ಬೆರಳೆಣಿಕೆಯಷ್ಟು. ಅವರು ಹಳ್ಳಿಯಿಂದ ಹಳ್ಳಿಗೆ, ಶಾಲೆಯಿಂದ ಶಾಲೆಗೆ ತಿರುಗುತ್ತಾರೆ. ಒಂದು ಮಗುವನ್ನು ಇಂದು ಕಂಡರೆ ಮತ್ತೆ ಅದರ ಸರದಿ ಬರುವುದು ಯಾವಾಗಲೋ. ಅಷ್ಟರಲ್ಲಿ ಕಲಿತ ಮೂರು ಅಕ್ಷರಗಳಲ್ಲಿ ಎರಡು ಮರೆತಿರುತ್ತವೆ. ಶಾಲೆಗೆ ಬರಲಾರದಷ್ಟು ತೀವ್ರ ತೊಂದರೆಯುಳ್ಳ ಮಕ್ಕಳಿಗೆ ಗೃಹಾಧಾರಿತ ಶಿಕ್ಷಣವುಂಟು. ಆಗ ಉಪಾಧ್ಯಾಯಿನಿ ಮನೆಯ ಪಡಸಾಲೆಗೇ ಹೋಗುತ್ತಾಳೆ. ಅಲ್ಲಿ ಆಕೆಯ ನಿಜವಾದ ವಿದ್ಯಾರ್ಥಿನಿ ತಾಯಿ. ಮಗುವನ್ನು ಗೋಡೆಗೆ ಆನಿಸದೆ ಯಾವ ಬಗೆಯಲ್ಲಿ ಕೂಡಿಸಬೇಕು, ಚಮಚ ಹಿಡಿಸುವುದು ಹೇಗೆ, ಮಗುವಿನ ನೋಟ ಎತ್ತ ಹೊರಳಿದರೆ ಹೌದು, ಎತ್ತ ಹೊರಳಿದರೆ ಅಲ್ಲ ಎಂಬುದನ್ನು ಆಕೆಗೆ ಕಲಿಸಿ ಬರಬೇಕು. ಏಕೆಂದರೆ ಮುಂದಿನ ಭೇಟಿಯವರೆಗೆ ಗುರು ಆಕೆಯೇ.

ಇನ್ನೊಂದು ವಿಪರ್ಯಾಸವನ್ನು ಹೊರಗಿನವರು ಅರಿಯರು. ೧೯೯೨ರ ಕಾಯಿದೆಯ ಮೇರೆಗೆ ಸ್ಥಾಪಿತವಾದ ಭಾರತೀಯ ಪುನರ್ವಸತಿ ಪರಿಷತ್ತಿನಲ್ಲಿ ವಿಶೇಷ ಉಪಾಧ್ಯಾಯರು ನೋಂದಣಿ ಪಡೆದಿರಬೇಕು. ಅವರ ಡಿಪ್ಲೊಮಾ, ಬಿ.ಎಡ್. ಪದವಿಗಳು ಬಹುಮಟ್ಟಿಗೆ ಒಂದೊಂದು ವೈಕಲ್ಯಕ್ಕೆ ಸೇರಿದವು. ಒಬ್ಬರು ದೃಷ್ಟಿದೋಷದಲ್ಲಿ ಪರಿಣತರಾದರೆ ಇನ್ನೊಬ್ಬರು ಶ್ರವಣದೋಷದಲ್ಲಿ. ಆದರೆ ಸುತ್ತಾಟಕ್ಕೆ ಹೊರಟ ದಿನ ಎದುರಾಗುವುದು ಇಪ್ಪತ್ತೊಂದರಲ್ಲಿ ಯಾವುದೂ ಆಗಬಹುದು. ಬ್ರೈಲ್ ಬಲ್ಲವರ ಮುಂದೆ ಸನ್ನೆ ಬೇಕಾದ ಮಗು, ಸನ್ನೆ ಬಲ್ಲವರ ಮುಂದೆ ಸ್ವಮಗ್ನತೆಯ ಮಗು. ಕಣ್ಣಿನ ವೈದ್ಯರಿಂದ ಮೂಳೆ ಕೂಡಿಸಿದಂತೆ!

ಇವುಗಳ ಜೊತೆಗೆ ಕಡತ. ಪ್ರತಿ ಮಗುವಿಗೂ ಬೇರೆ ಬೇರೆಯಾದ ವೈಯಕ್ತಿಕ ಶಿಕ್ಷಣ ಯೋಜನೆ, ವೈಕಲ್ಯದ ಗುರುತಿನ ಚೀಟಿ, ಸಮಗ್ರ ಶಿಕ್ಷಣ ಯೋಜನೆಯಲ್ಲಿ ವಿದ್ಯಾರ್ಥಿನಿಯರಿಗೆಂದು ಇಟ್ಟಿರುವ ತಿಂಗಳಿಗೆ ಇನ್ನೂರು ರೂಪಾಯಿಯ ಭತ್ಯೆಯ ಪಟ್ಟಿ, ಸಾಧನ ಸಲಕರಣೆಗಳ ವಿತರಣಾ ಶಿಬಿರ. ಶಿಬಿರದಲ್ಲಿ ಗಾಲಿಕುರ್ಚಿ ಕೊಡುತ್ತಾರೆ, ಚಿತ್ರ ತೆಗೆಯುತ್ತಾರೆ. ಮಗು ಬೆಳೆಯುತ್ತದೆ, ಕುರ್ಚಿ ಬೆಳೆಯುವುದಿಲ್ಲ. ಎರಡು ವರ್ಷಗಳಲ್ಲಿ ಅದು ಜಗಲಿಯ ಮೇಲೆ ಬಟ್ಟೆ ಒಣಗಿಸುವ ಸಾಧನವಾಗುತ್ತದೆ. ಮೇಲಧಿಕಾರಿಗಳು ಬಂದಾಗ ಪ್ರಗತಿ ಶೇಕಡಾ ಎಷ್ಟು ಎಂದು ಕೇಳುತ್ತಾರೆ. ಆರು ತಿಂಗಳಲ್ಲಿ ಮಗು ತನ್ನ ಹೆಸರು ಕರೆದಾಗ ತಿರುಗಿ ನೋಡಲು ಕಲಿತಿದೆ. ಇದು ಶೇಕಡಾ ಎಷ್ಟು?

ದೇಶದ ಅನೇಕ ಕಡೆ ಇವರ ನೇಮಕ ಗುತ್ತಿಗೆಯದು. ವರ್ಷದ ಕೊನೆಗೆ ಮುಂದುವರಿಕೆಯ ಆದೇಶಕ್ಕೆ ಕಾಯುವ ಉಪಾಧ್ಯಾಯಿನಿ, ಮೂರು ವರ್ಷ ಹಿಡಿಯುವ ಪಾಠವನ್ನು ಯಾವ ಧೈರ್ಯದಿಂದ ಆರಂಭಿಸಬೇಕು? ಈ ದುಃಸ್ಥಿತಿ ಕೊನೆಗೆ ಸುಪ್ರೀಂ ಕೋರ್ಟಿನ ಮೆಟ್ಟಿಲೇರಿತು. ೨೦೨೧ರ ಅಕ್ಟೋಬರ್‌ನಲ್ಲಿ ನ್ಯಾಯಾಲಯವು, ವಿಶೇಷ ಅಗತ್ಯವುಳ್ಳ ಮಕ್ಕಳಿಗೆ ಎಷ್ಟು ಮಂದಿ ವಿಶೇಷ ಉಪಾಧ್ಯಾಯರಿರಬೇಕೆಂಬ ಪ್ರಮಾಣವನ್ನು ನಿಗದಿಮಾಡಿ ಪ್ರಕಟಿಸಬೇಕೆಂದು ಕೇಂದ್ರ ಸರ್ಕಾರಕ್ಕೆ ಆದೇಶಿಸಿತು. ಸಾಮಾನ್ಯ ಉಪಾಧ್ಯಾಯರಿಗೂ ತರಬೇತಿ ಕೊಡಬೇಕೆಂದು ಸೂಚಿಸಿತು. ೨೦೨೨ರಲ್ಲಿ ಕೇಂದ್ರ ಸರ್ಕಾರ, ಪ್ರಾಥಮಿಕ ಹಂತದಲ್ಲಿ ಹತ್ತು ಮಕ್ಕಳಿಗೊಬ್ಬರು, ಅದರ ಮೇಲಿನ ತರಗತಿಗಳಲ್ಲಿ ಹದಿನೈದು ಮಕ್ಕಳಿಗೊಬ್ಬರು ಎಂಬ ಪ್ರಮಾಣವನ್ನು ಅಧಿಸೂಚನೆಯಾಗಿ ಪ್ರಕಟಿಸಿತು. ಆದರೂ ೨೦೨೫ರ ಮಾರ್ಚ್‌ನಲ್ಲಿ, ಹುದ್ದೆಗಳನ್ನು ಮಂಜೂರು ಮಾಡಿ ಭರ್ತಿಮಾಡಿರೆಂದು ನ್ಯಾಯಾಲಯ ರಾಜ್ಯಗಳಿಗೆ ಮತ್ತೊಮ್ಮೆ ಆದೇಶಿಸಬೇಕಾಯಿತು. ಹತ್ತಕ್ಕೊಬ್ಬರೆಂಬುದು ಕಾಗದದ ಮೇಲಿದೆ, ತಾಲ್ಲೂಕಿಗೆ ಬೆರಳೆಣಿಕೆಯೆಂಬುದು ನೆಲದ ಮೇಲಿದೆ.

ಇತರ ಮಕ್ಕಳ ತಾಯ್ತಂದೆಗಳು

ಖಾಸಗಿ ಶಾಲೆಗಳ ಪೋಷಕರ ಸಭೆಗಳಲ್ಲಿ ಒಂದು ಆಕ್ಷೇಪ ಮೆಲುದನಿಯಲ್ಲಿ ಕೇಳಿಬರುತ್ತದೆ. "ಆ ಮಗುವಿನ ಕಡೆಗೆ ಮಿಸ್ ಅಷ್ಟು ಹೊತ್ತು ಕೊಟ್ಟರೆ ನಮ್ಮ ಮಗುವಿನ ಪಾಠದ ಗತಿ?" ಇದನ್ನು ಹೃದಯಹೀನತೆ ಎಂದು ತಳ್ಳಿಹಾಕಿದರೆ ಪ್ರಯೋಜನವಿಲ್ಲ. ನಲವತ್ತು ಮಕ್ಕಳ ತರಗತಿಯಲ್ಲಿ ಒಬ್ಬರೇ ಉಪಾಧ್ಯಾಯಿನಿ ಇದ್ದು, ಆಕೆಗೆ ಈ ವಿದ್ಯೆಯ ತರಬೇತಿಯೂ ಇಲ್ಲದಿದ್ದರೆ, ಆಕ್ಷೇಪದಲ್ಲಿ ಹುರುಳಿದೆ. ಆಗ ನಷ್ಟ ನಲವತ್ತು ಮಕ್ಕಳಿಗೂ, ಎಲ್ಲರಿಗಿಂತ ಹೆಚ್ಚಾಗಿ ಆ ಒಂದು ಮಗುವಿಗೂ. ಆದುದರಿಂದ ಆಕ್ಷೇಪವನ್ನು ಒಯ್ಯಬೇಕಾದ ವಿಳಾಸ ಮಗುವಿನ ಮನೆಯಲ್ಲ, ಶಾಲೆಯ ಆಡಳಿತ ಮಂಡಲಿ. "ಎರಡನೆಯ ಉಪಾಧ್ಯಾಯರನ್ನು ಏಕೆ ನೇಮಿಸಿಲ್ಲ?" ಎಂದು ಎಲ್ಲ ತಾಯ್ತಂದೆಗಳೂ ಕೂಡಿ ಕೇಳಿದರೆ ಅದಕ್ಕೆ ಬರುವ ಬಲವೇ ಬೇರೆ. ಆ ಒಬ್ಬ ತಾಯಿ ಕೇಳಿ ಕೇಳಿ ಸೋತಿದ್ದಾಳೆ. ಸರ್ಕಾರಿ ಶಾಲೆಗಳಲ್ಲಿಯೂ ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿಗಳಿವೆ. ಅವುಗಳ ಸಭೆಯಲ್ಲಿ ಸುಣ್ಣಬಣ್ಣದ ಜೊತೆಗೆ ಈ ಮಾತೂ ಬರಬಹುದು.

ಸರ್ಕಾರದ ದಾರಿ ಕಾಯದೆ ಮನೆಯವರೇ ಮಾಡಬಹುದಾದುವೂ ಇವೆ. ಅವು ಸಣ್ಣವು. ಹುಟ್ಟುಹಬ್ಬಕ್ಕೆ ತರಗತಿಯ ಮಕ್ಕಳನ್ನು ಕರೆಯುವಾಗ ಆ ಮಗುವನ್ನೂ ಕರೆಯುವುದು. ಬಂದಾಗ ಅದರ ತಾಯಿಯೊಡನೆ ಕಾಯಿಲೆಯ ವಿಚಾರವನ್ನಷ್ಟೇ ಅಲ್ಲದೆ ಸೀರೆಯ ವಿಚಾರವನ್ನೂ ಮಾತನಾಡುವುದು. ಶಾಲೆಗೆ ಬರುವ ವಿಶೇಷ ಉಪಾಧ್ಯಾಯಿನಿಗೆ ಕೂಡಲು ಒಂದು ಮೂಲೆ, ಬೀಗವಿರುವ ಒಂದು ಬೀರು ದೊರಕಿದೆಯೆ ಎಂದು ನೋಡುವುದು. ಅನೇಕ ಕಡೆ ಆಕೆಯ ಉಪಕರಣಗಳು ಆಕೆಯ ಕೈಚೀಲದಲ್ಲಿಯೇ ಊರೂರು ಸುತ್ತುತ್ತವೆ.

ಪರೀಕ್ಷೆಯ ಕಾಲದಲ್ಲಿ ಇನ್ನೊಂದು ಅಗತ್ಯ ತಲೆದೋರುತ್ತದೆ. ಎಸ್.ಎಸ್.ಎಲ್.ಸಿ. ಪರೀಕ್ಷೆಯಲ್ಲಿ ಅಂಧ ವಿದ್ಯಾರ್ಥಿಗೆ, ಕೈ ಹಿಡಿತವಿಲ್ಲದ ವಿದ್ಯಾರ್ಥಿಗೆ ಹೆಚ್ಚಿನ ಸಮಯವುಂಟು, ಹೇಳಿದ್ದನ್ನು ಬರೆದುಕೊಡಲು ಒಬ್ಬ ಸಹಾಯಕನೂ ಉಂಟು. ಸಹಾಯಕ ಕೆಳಗಿನ ತರಗತಿಯ ವಿದ್ಯಾರ್ಥಿಯಾಗಿರಬೇಕು. ಬರೆಯಲು ಬಂದರೆ ಸಾಲದು, ಇಬ್ಬರೂ ಮೊದಲೇ ಕೂಡಿ ಅಭ್ಯಾಸ ಮಾಡಿರಬೇಕು. ರೇಖಾಗಣಿತದ ಚಿತ್ರವನ್ನು ಒಬ್ಬ ಬಾಯಲ್ಲಿ ಹೇಳಿ ಇನ್ನೊಬ್ಬ ಎಳೆಯುವುದೆಂದರೆ ಸಾಮಾನ್ಯವೆ? ಹೇಳುವವನ ವೇಗ ಬರೆಯುವವನ ಕೈಗೆ ಹೊಂದದಿದ್ದರೆ ಬಲ್ಲ ಉತ್ತರವೂ ಹಾಳೆಯ ಮೇಲೆ ಅರ್ಧಕ್ಕೆ ನಿಲ್ಲುತ್ತದೆ. ಅದಕ್ಕಾಗಿ ವಿಶೇಷ ಉಪಾಧ್ಯಾಯಿನಿಯರು ಡಿಸೆಂಬರಿನಿಂದಲೇ ನೆರೆಹೊರೆಯ ಮನೆಗಳ ಬಾಗಿಲು ತಟ್ಟುತ್ತಾರೆ. ಒಂಬತ್ತನೆಯ ತರಗತಿಯ ಹುಡುಗನೋ ಹುಡುಗಿಯೋ ವಾರಕ್ಕೆ ಎರಡು ಸಂಜೆ ಬರಬೇಕು, ಪರೀಕ್ಷೆಯ ಆರು ದಿನ ಬೆಳಿಗ್ಗೆ ಕೇಂದ್ರಕ್ಕೆ ಬರಬೇಕು. ಮಕ್ಕಳು ಸಾಮಾನ್ಯವಾಗಿ ಒಪ್ಪುತ್ತಾರೆ. ಒಳಗಿನಿಂದ ತಾಯಿ ಬಂದು ಕಾಫಿ ಕೊಟ್ಟು, ಬಹಳ ವಿನಯದಿಂದಲೇ, "ಒಳ್ಳೆಯ ಕೆಲಸ ಟೀಚರ್, ಆದರೆ ನಮ್ಮ ಹುಡುಗನಿಗೂ ಪರೀಕ್ಷೆ ಹತ್ತಿರ ಬಂತಲ್ಲ" ಎನ್ನುತ್ತಾಳೆ. ಉಪಾಧ್ಯಾಯಿನಿ ಕಾಫಿ ಕುಡಿದು, ಮುಂದಿನ ಮನೆಯ ಸಂಖ್ಯೆಯನ್ನು ಚೀಟಿಯಲ್ಲಿ ನೋಡಿಕೊಂಡು ಹೊರಡುತ್ತಾಳೆ.